ಗೆರೆ ಎಳೆಯುವ ಮೊದಲು



ನಮ್ಮ ಊರುಗಳಲ್ಲಿ ರಸ್ತೆ ಅಗಲೀಕರಣದ ಸುದ್ದಿ ಮೊದಲು ಕಾಣಿಸಿಕೊಳ್ಳುವುದು ಪತ್ರಿಕೆಯಲ್ಲಿ ಅಲ್ಲ, ಗೋಡೆಯ ಮೇಲೆ. ಒಂದು ಬೆಳಗ್ಗೆ ಇಬ್ಬರು ಮೂವರು ಟೇಪು ಹಿಡಿದು, ಕೆಂಪು ಬಣ್ಣದ ಡಬ್ಬಿ ಹಿಡಿದು ಬರುತ್ತಾರೆ. ಅಂಗಡಿಯ ಜಗಲಿಗೆ ಒಂದು ಗೆರೆ, ಬೇವಿನ ಮರಕ್ಕೆ ಒಂದು ನಂಬರು, ಹಳೇ ಮಂಟಪದ ಕಂಬಕ್ಕೆ ಒಂದು ಬಾಣದ ಗುರುತು. "ಏನ್ ಸ್ವಾಮಿ ಇದು?" ಎಂದು ಕೇಳಿದರೆ "ಮಾರ್ಕಿಂಗು, ಮೇಲಿಂದ ಆರ್ಡರು" ಎಂಬ ಉತ್ತರ. ಅಷ್ಟು ಹೊತ್ತಿಗೆ ಗೆರೆ ಎಳೆದು ಎಷ್ಟೋ ತಿಂಗಳಾಗಿರುತ್ತದೆ. ಸಲಹೆಗಾರ ಕಂಪನಿಯ ಕಂಪ್ಯೂಟರಿನಲ್ಲಿ ನಕಾಶೆ ಸಿದ್ಧವಾಗಿ, ಎಸ್ಟಿಮೇಟು ಮಂಜೂರಾಗಿ, ಕೆಲವು ಸಲ ಟೆಂಡರೂ ಮುಗಿದಿರುತ್ತದೆ. ಆಮೇಲೆ ಜನರ ಸಭೆ ಕರೆದರೆ ಅಲ್ಲಿ ಮಾತಾಡಲು ಉಳಿದಿರುವುದು ಪರಿಹಾರದ ಮೊತ್ತ ಒಂದೇ.

ನಾನು ಇವತ್ತು ಮಾತಾಡಬೇಕೆಂದಿರುವುದು ಎಲ್ಲ ರಸ್ತೆಗಳ ಬಗ್ಗೆ ಅಲ್ಲ. ಕೆಲವು ದಾರಿಗಳು ಊರಿಂದ ಊರಿಗೆ ಮುಟ್ಟಿಸುವುದರ ಜೊತೆಗೆ ತಾವೇ ನೋಡತಕ್ಕಂಥವು. ಘಾಟಿಯ ದಾರಿಗಳು, ಹೊಳೆಯ ದಂಡೆಯ ದಾರಿಗಳು, ಆಲ ಬೇವುಗಳ ಸಾಲಿನ ನಡುವೆ ಹೋಗುವ ಹಳೆಯ ಹೆದ್ದಾರಿಗಳು, ಕೋಟೆಯ ಬಾಗಿಲನ್ನು ಹಾದು ಹೋಗುವ ಬಂಡಿ ಜಾಡುಗಳು. ಇವುಗಳನ್ನು ಮುಟ್ಟಲೇಬೇಡಿ ಎಂದು ಹೇಳುವ ಪಂಥಕ್ಕೆ ನಾನು ಸೇರಿದವನಲ್ಲ. ಗುಂಡಿ ಬಿದ್ದ ದಾರಿಯಲ್ಲಿ ಇತಿಹಾಸ ಕಾಣುವುದು ಅಲ್ಲಿ ದಿನಾ ಓಡಾಡದವರಿಗೆ ಮಾತ್ರ. ಸುಧಾರಣೆ ಆಗಲಿ. ಆದರೆ ಅದರ ವಿನ್ಯಾಸದಲ್ಲಿ ಅಲ್ಲಿಯ ಜನ ಮೊದಲ ದಿನದಿಂದ ಇರಬೇಕು. ಇಲ್ಲದಿದ್ದರೆ ರಸ್ತೆಯೂ ಕೆಡುತ್ತದೆ, ಊರೂ ಕೆಡುತ್ತದೆ, ಕೆಲವೊಮ್ಮೆ ಕಾಮಗಾರಿಯೇ ಹತ್ತಿಪ್ಪತ್ತು ವರ್ಷ ನಿಂತುಬಿಡುತ್ತದೆ.

ಹಂಪಿಯಿಂದ ಶುರು ಮಾಡೋಣ. ತುಂಗಭದ್ರೆಯ ಈ ದಡದಲ್ಲಿ ಹಂಪಿ, ಆ ದಡದಲ್ಲಿ ಆನೆಗೊಂದಿ. ಒಂದನ್ನೊಂದು ನೋಡುತ್ತ ನಿಂತ ಊರುಗಳು. ಆದರೂ ಸರ್ಕಾರದ ಕಡತಗಳಲ್ಲಿ ಇವು ಬಹುಕಾಲ ಬೇರೆ ಬೇರೆ ಲೋಕ. ಹಂಪಿ 1953ರ ತನಕ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು; ಆನೆಗೊಂದಿ 1956ರ ತನಕ ಹೈದರಾಬಾದಿನ ಆಡಳಿತದಲ್ಲಿತ್ತು. ಏಕೀಕರಣವಾದ ಮೇಲೂ ಹೊಳೆ ಗಡಿಯಾಗಿಯೇ ಉಳಿಯಿತು. ಇವತ್ತಿಗೂ ಈಚೆ ವಿಜಯನಗರ ಜಿಲ್ಲೆ, ಆಚೆ ಕೊಪ್ಪಳ ಜಿಲ್ಲೆ. ಇಬ್ಬರು ಜಿಲ್ಲಾಧಿಕಾರಿಗಳು, ಎರಡು ಕಡತ.

ವಿಜಯನಗರದ ಅರಸರು ಈ ಹೊಳೆಗೆ ಕಲ್ಲಿನ ಸೇತುವೆ ಕಟ್ಟಿದ್ದರು. ವಿಠ್ಠಲ ದೇವಾಲಯದ ಹತ್ತಿರ ನೀರಿನ ನಡುವೆ ಅದರ ಕಂಬಗಳ ಸಾಲು ಈಗಲೂ ನಿಂತಿದೆ. ದಾಟಲು ಹರಿಗೋಲೂ ಇತ್ತು. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪೇಸ್, ಒಳಗೆ ಬೆತ್ತ ಹೊರಗೆ ಚರ್ಮ ಇರುವ ಈ ದುಂಡನೆಯ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಕೂತು ದಾಟುವುದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಪ್ರವಾಸಿಗೆ ಅದು ಬೆರಗು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೂ ಅದೇ ಹರಿಗೋಲನ್ನು ನಂಬಿಕೊಂಡಿದ್ದ ಆನೆಗೊಂದಿಯವರಿಗೆ ಅದು ಬೆರಗಾಗಿ ಉಳಿದಿರಲಿಲ್ಲ. ಮಳೆಗಾಲದಲ್ಲಿ ಮೇಲಿನ ಜಲಾಶಯದಿಂದ ನೀರು ಬಿಟ್ಟರೆ ಹರಿಗೋಲು ಬಂದ್. ಎದುರಿಗೆ ಕಾಣುವ ಊರಿಗೆ ಹೋಗಲು ಹತ್ತಾರು ಕಿಲೋಮೀಟರ್ ಸುತ್ತು. ನೋವು ಬಂದ ಬಸುರಿ ಹೆಂಗಸಿಗೆ, ಬಾಳೆಗೊನೆ ಮಾರುಕಟ್ಟೆಗೆ ಸಾಗಿಸಬೇಕಾದ ರೈತನಿಗೆ, ಹೊಸಪೇಟೆಯ ಕಾಲೇಜಿಗೆ ಹೋಗುವ ಹುಡುಗಿಗೆ ಸೇತುವೆ ಬೇಕಿತ್ತು. ಈ ಬೇಡಿಕೆಯಲ್ಲಿ ಒಂದಿಷ್ಟೂ ಅನ್ಯಾಯ ಇರಲಿಲ್ಲ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಅದಾದ ಒಂದು ದಶಕದ ಮೇಲೆ ತಳವಾರಘಟ್ಟದ ಬಳಿ, ಹಳೆಯ ಕೋಟೆ ಬಾಗಿಲಿನ ಆಸುಪಾಸಿನಲ್ಲೇ, ವಾಹನಗಳು ಓಡುವ ದೊಡ್ಡ ಸೇತುವೆಯ ಕೆಲಸ ಶುರುವಾಯಿತು. ವಿರೂಪಾಪುರ ಗಡ್ಡೆಯ ಕಡೆಗೆ ಒಂದು ಕಾಲುಸೇತುವೆಯೂ ಎದ್ದಿತು. 1999ರಲ್ಲಿ ಮೊರಾಕ್ಕೊ ದೇಶದ ಮರಾಕೆಶ್ ನಗರದಲ್ಲಿ ಸೇರಿದ ವಿಶ್ವ ಪರಂಪರೆ ಸಮಿತಿ, ಈ ಸೇತುವೆಗಳಿಂದ ತಾಣದ ಸ್ವರೂಪವೇ ಕೆಡುತ್ತದೆ ಎಂದು ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಅಲ್ಲಿಂದ ಶುರುವಾಯಿತು ಹಗ್ಗಜಗ್ಗಾಟ. ಕಾಲುಸೇತುವೆಯನ್ನು ಕಳಚಿದರು. ದೊಡ್ಡ ಸೇತುವೆ ಅರ್ಧಕ್ಕೆ ನಿಂತು ವರ್ಷಗಟ್ಟಲೆ ಹೊಳೆಯನ್ನೇ ನೋಡುತ್ತ ಕೂತಿತು. 2002ರಲ್ಲಿ ಹಂಪಿಗೆಂದೇ ಒಂದು ಕಾನೂನು ಬಂದು ಪ್ರಾಧಿಕಾರ ಆಯಿತು. 2006ರಲ್ಲಿ ಅಪಾಯದ ಪಟ್ಟಿಯಿಂದ ಹೆಸರು ತೆಗೆದರು. ಸೇತುವೆಯ ಕೆಲಸ ಮತ್ತೆ ಸಾಗಿತು. ಇನ್ನೇನು ಮುಗಿಯಿತು ಅನ್ನುವಾಗ, 2009ರ ಜನವರಿ 22ರಂದು, ಅದು ಕುಸಿದು ಹೊಳೆಗೆ ಬಿತ್ತು. ಮೇಲೆ ಕೆಲಸ ಮಾಡುತ್ತಿದ್ದ ಕಾರ್ಮಿಕರು ಸತ್ತರು.

ಕುಸಿದದ್ದು ಕಟ್ಟಡದ ಕೆಲಸದ ವಿಷಯ; ಅದನ್ನು ಜನರನ್ನು ಕೇಳದ ಪಾಪಕ್ಕೆ ಅಂಟಿಸಲು ನಾನು ಹೋಗುವುದಿಲ್ಲ. ನಾನು ಹೇಳುವುದು ಅದಕ್ಕೆ ಮುಂಚಿನ ವರ್ಷಗಳ ಬಗ್ಗೆ. ಈ ಗಲಾಟೆಯಲ್ಲಿ ಆನೆಗೊಂದಿಯವರು ಪರಂಪರೆಯ ಶತ್ರುಗಳ ಹಾಗೆ ಕಂಡರು. ಪರಂಪರೆಯ ಪರ ಮಾತಾಡಿದವರು ಬಡವರ ಶತ್ರುಗಳ ಹಾಗೆ ಕಂಡರು. ಎರಡೂ ಸುಳ್ಳು. ಊರಿನವರಿಗೆ ಬೇಕಿದ್ದದ್ದು ಹೊಳೆ ದಾಟುವ ದಾರಿ. ತಳವಾರಘಟ್ಟದಲ್ಲೇ, ಲಾರಿ ಓಡುವಷ್ಟು ಅಗಲವೇ ಬೇಕೆಂದು ಅವರ ಕುಲದೇವರು ಅಪ್ಪಣೆ ಕೊಟ್ಟಿರಲಿಲ್ಲ. ತಜ್ಞರಿಗೆ ಬೇಕಿದ್ದದ್ದು ಬಂಡೆ, ಹೊಳೆ, ಗೋಪುರಗಳ ಆ ನೋಟ ಮತ್ತು ಹಳೇ ಬಾಗಿಲಿನ ಕ್ಷೇಮ; ಬಸುರಿ ಹೆಂಗಸು ಹರಿಗೋಲಿನಲ್ಲೇ ಹೋಗಲಿ ಎಂದು ಅವರೂ ಹರಕೆ ಹೊತ್ತಿರಲಿಲ್ಲ. ಮುಂದೆ ಏನಾಯಿತು ನೋಡಿ. ಸ್ಮಾರಕಗಳ ನಡುಭಾಗದಿಂದ ಆಚೆಗೆ, ಹೊಳೆಯ ಕೆಳಗಡೆ, ಬುಕ್ಕಸಾಗರಕ್ಕೂ ಕಡೇಬಾಗಿಲಿಗೂ ನಡುವೆ ಸೇತುವೆ ಆಯಿತು. ಇವತ್ತು ವಾಹನಗಳು ಅದರ ಮೇಲೆ ಓಡುತ್ತಿವೆ. ಇಂಥದೊಂದು ಜಾಗದ ಮಾತು ಮೊದಲ ಕಂಬ ಏಳುವ ಮುನ್ನವೇ, ಆನೆಗೊಂದಿಯ ಕಟ್ಟೆಯ ಮೇಲೆ ನಕಾಶೆ ಹಾಸಿ, ಪುರಾತತ್ತ್ವದವರನ್ನೂ ಲೋಕೋಪಯೋಗಿ ಇಲಾಖೆಯವರನ್ನೂ ಊರಿನವರನ್ನೂ ಒಟ್ಟಿಗೆ ಕೂರಿಸಿ ಆಗಬೇಕಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ನಮ್ಮ ಗಾದೆ ಹುಟ್ಟಿದ್ದು ಇಂಥ ಕಡೆಯೇ ಇರಬೇಕು.

ಈಗ ಸ್ವಲ್ಪ ಎಂಜಿನಿಯರಿಂಗ್. ಹೆದರಬೇಡಿ, ಒಂದೇ ಒಂದು ಲೆಕ್ಕ.

ರಸ್ತೆಯ ವಿನ್ಯಾಸ ಶುರುವಾಗುವುದು ಒಂದು ಸಂಖ್ಯೆಯಿಂದ. ಅದಕ್ಕೆ ವಿನ್ಯಾಸ ವೇಗ ಎನ್ನುತ್ತಾರೆ. ಈ ದಾರಿಯಲ್ಲಿ ವಾಹನ ಗಂಟೆಗೆ ಎಷ್ಟು ಕಿಲೋಮೀಟರ್ ಓಡಬೇಕು ಎಂದು ಮೊದಲೇ ಬರೆದುಕೊಳ್ಳುತ್ತಾರೆ. ತಿರುವು ಎಷ್ಟು ದೊಡ್ಡದು, ಮುಂದಿನ ದಾರಿ ಎಷ್ಟು ದೂರ ಕಾಣಬೇಕು, ದಿಬ್ಬ ಎಷ್ಟು ತಗ್ಗಬೇಕು ಎಂಬುದೆಲ್ಲ ಆ ಸಂಖ್ಯೆಯ ಹಿಂದೆ ತಾನಾಗಿ ಬರುತ್ತದೆ. ನಮ್ಮ ದೇಶದ ರಸ್ತೆ ಮಾನದಂಡಗಳಲ್ಲಿ ಬಯಲು ಸೀಮೆಯ ರಾಷ್ಟ್ರೀಯ ಹೆದ್ದಾರಿಗೆ ಈ ವೇಗ ಸಾಮಾನ್ಯವಾಗಿ 100 ಕಿ.ಮೀ.; ಕನಿಷ್ಠ ಎಂದರೆ 80. ಬೆಟ್ಟದ ಸೀಮೆಗೆ ಬಂದರೆ 50, 40. ಗಂಟೆಗೆ 100 ಕಿ.ಮೀ. ಎಂದು ಬರೆದರೆ ತಿರುವಿನ ತ್ರಿಜ್ಯ 360 ಮೀಟರಿಗಿಂತ ಕಡಿಮೆ ಇರುವ ಹಾಗಿಲ್ಲ. 80 ಎಂದರೆ 230 ಮೀಟರ್ ಸಾಕು. 50 ಎಂದರೆ ತೊಂಬತ್ತರ ಆಸುಪಾಸು. ವೇಗ ಎರಡು ಪಟ್ಟಾದರೆ ತಿರುವಿಗೆ ಬೇಕಾದ ಜಾಗ ನಾಲ್ಕು ಪಟ್ಟು. ಕೆರೆಯ ಏರಿಯನ್ನು ಬಳಸಿ, ಆಲದ ಮರವನ್ನು ಸುತ್ತಿ, ಗುಡಿಯ ಮಗ್ಗುಲಲ್ಲಿ ಬಾಗುವ ಹಳೇ ದಾರಿಗೆ ಯಾರೋ 100 ಎಂದು ಬರೆದ ದಿನವೇ ಆ ಮರದ ಆಯುಷ್ಯ ಮುಗಿಯಿತು. ಗರಗಸ ಬರುವುದು ಆಮೇಲೆ.

ಈ ಸಂಖ್ಯೆಯನ್ನು ತಾಂತ್ರಿಕ ವಿಷಯ ಎಂದು ಹೇಳಿ ನಮ್ಮಿಂದ ದೂರ ಇಟ್ಟಿದ್ದಾರೆ. ಆ ವೇಗಕ್ಕೆ ಎಷ್ಟು ತ್ರಿಜ್ಯ ಎಂಬುದು ನಿಜಕ್ಕೂ ತಾಂತ್ರಿಕ. ಅದನ್ನು ಎಂಜಿನಿಯರೇ ಹೇಳಬೇಕು. ಆದರೆ ಹದಿನೈದು ಕಿಲೋಮೀಟರ್ ದಾರಿಯಲ್ಲಿ ಮೂರು ನಿಮಿಷ ಉಳಿಸಬೇಕೋ, ಅದರ ಬದಲು ಏರಿಯ ಮೇಲಿನ ಮರಗಳನ್ನು ಉಳಿಸಬೇಕೋ ಎಂಬುದು ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಇಲ್ಲ. ಅದನ್ನು ಹೇಳಬೇಕಾದವರು ಆ ದಾರಿಯವರು. ಜನರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ನಾವು ಕೇಳುವುದೇ ಇಲ್ಲ. ಕೇಳುವುದು ಬಸ್ ಶೆಲ್ಟರಿಗೆ ಯಾವ ಬಣ್ಣ ಬಳಿಯೋಣ ಎಂದು.

ಕೇಳಿ ಮಾಡಿದರೆ ಹೇಗಿರುತ್ತದೆ? ಅದಕ್ಕೆ ನಾನು ನಿಮ್ಮನ್ನು ಸ್ವಲ್ಪ ದೂರ, ಅಮೆರಿಕದ ಕೆಂಟಕಿ ರಾಜ್ಯಕ್ಕೆ ಕರೆದೊಯ್ಯಬೇಕು. ಲೆಕ್ಸಿಂಗ್ಟನ್ ನಗರದಿಂದ ಪ್ಯಾರಿಸ್ ಎಂಬ ಸಣ್ಣ ಪಟ್ಟಣಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರಿನ ಒಂದು ದಾರಿ ಇದೆ. ಹೆಸರು ಪ್ಯಾರಿಸ್ ಪೈಕ್. ಕಾಡೆಮ್ಮೆಗಳ ಹಿಂಡು ತುಳಿದ ಜಾಡು ಮೊದಲು, ಆಮೇಲೆ ವಲಸೆ ಬಂದವರ ಗಾಡಿದಾರಿ, ಆಮೇಲೆ ಸುಂಕ ಕೊಟ್ಟು ಹೋಗುವ ಜಲ್ಲಿ ರಸ್ತೆ. ಎರಡೂ ಬದಿಗೆ ಕುದುರೆ ಸಾಕುವ ದೊಡ್ಡ ದೊಡ್ಡ ಹುಲ್ಲುಗಾವಲುಗಳು, ಹಳೇ ಮರಗಳು, ಗಾರೆ ಹಾಕದೆ ಸುಣ್ಣಕಲ್ಲಿನ ಮೇಲೆ ಸುಣ್ಣಕಲ್ಲು ಕೂರಿಸಿ ಕಟ್ಟಿದ ತಗ್ಗು ಗೋಡೆಗಳು. ಆ ಗೋಡೆಗಳನ್ನು ಕಟ್ಟಿದವರಲ್ಲಿ ಐರ್ಲೆಂಡಿನ ಮೂಲದ ಕಲ್ಲುಕೆಲಸದವರೂ ಇದ್ದರು, ಗುಲಾಮಗಿರಿಯಲ್ಲಿದ್ದ ಕರಿಯರೂ ಇದ್ದರು.

ನೋಡಲು ಚೆಂದ, ಓಡಲು ಅಪಾಯ. ಎರಡೇ ಪಥ, ಅಂಚಿಗೇ ಮರ, ಮರಕ್ಕೆ ತಾಗಿದ ಗೋಡೆ. ಅಪಘಾತದಲ್ಲಿ ಜನ ಸಾಯುತ್ತಿದ್ದರು. ರಾಜ್ಯದ ಹೆದ್ದಾರಿ ಇಲಾಖೆ 1960ರ ದಶಕದಲ್ಲಿ ನಾಲ್ಕು ಪಥದ ಯೋಜನೆ ತಂದಿತು. ಮಾಮೂಲಿ ವಿನ್ಯಾಸ: ನೇರ ಗೆರೆ, ಸಮ ಅಗಲ, ಮರ ಗೋಡೆ ಎಲ್ಲ ಸಾಫ್. ಅಕ್ಕಪಕ್ಕದವರು ಕೋರ್ಟಿಗೆ ಹೋದರು. 1979ರಲ್ಲಿ ಫೆಡರಲ್ ನ್ಯಾಯಾಲಯ ಕಾಮಗಾರಿಗೆ ತಡೆ ಕೊಟ್ಟಿತು. ಮರಗಳು ಉಳಿದವು, ಗೋಡೆಗಳು ಉಳಿದವು. ಆದರೆ ರಸ್ತೆ ಹಾಗೇ ಉಳಿದದ್ದರಿಂದ ಸಾವುಗಳೂ ನಿಲ್ಲಲಿಲ್ಲ. ಪರಂಪರೆಯ ಪರವಾಗಿ ವಾದಿಸುವ ನಮ್ಮಂಥವರು ಈ ಮಾತನ್ನು ನುಂಗಿಕೊಂಡು ಮುಂದಕ್ಕೆ ಹೋಗಬಾರದು. ತಡೆಯಾಜ್ಞೆ ತಂದು ಮನೆಗೆ ಹೋಗಿ ಮಲಗಿದರೆ ಕೆಲಸ ಮುಗಿಯಲಿಲ್ಲ.

ಒಂದು ದಶಕಕ್ಕೂ ಮೀರಿದ ಜಗ್ಗಾಟದ ಕೊನೆಗೆ ಎರಡೂ ಕಡೆಯವರು ಮೇಜಿಗೆ ಬಂದರು. ಸಿಯಾಟಲ್ ನಗರದ ಜೋನ್ಸ್ ಅಂಡ್ ಜೋನ್ಸ್ ಎಂಬ ಭೂದೃಶ್ಯ ವಿನ್ಯಾಸದ ಸಂಸ್ಥೆಯನ್ನು ಎಂಜಿನಿಯರುಗಳ ಜೊತೆಗೆ ಕೂರಿಸಿದರು. ಮರ, ಗೋಡೆ, ಗೇಟು, ಮನೆ, ದೃಶ್ಯ ಯಾವುದು ಎಲ್ಲಿ ಎಂದು ಜಮೀನಿನವರನ್ನು ಕೇಳಿಕೊಂಡು ರಸ್ತೆಯ ಗೆರೆಯನ್ನು ಅವುಗಳ ನಡುವೆ ನುಸುಳಿಸಿದರು. ಎರಡು ಪಥ ಒಂದು ಕಡೆ, ಎರಡು ಪಥ ಇನ್ನೊಂದು ಕಡೆ. ಅವು ಒಂದಕ್ಕೊಂದು ಅಂಟಿಕೊಂಡೇ ಇರಬೇಕೆಂಬ ಹಟ ಬಿಟ್ಟರು. ಕೆಲವು ಕಡೆ ಹತ್ತಿರ ಬರುತ್ತವೆ, ಕೆಲವು ಕಡೆ ನಡುವೆ ಮರಗಳ ತೋಪೇ ಇರುವಷ್ಟು ಅಗಲುತ್ತವೆ. ನೆಲ ಎದ್ದಲ್ಲಿ ರಸ್ತೆ ಏಳುತ್ತದೆ, ಇಳಿದಲ್ಲಿ ಇಳಿಯುತ್ತದೆ. ಡಾಂಬರಿನ ಅಂಚಿನ ಬದಲು ಹುಲ್ಲಿನ ಅಂಚು. ತಗಡಿನ ತಡೆಗೋಡೆಯ ಬದಲು ಹಿಂದೆ ಉಕ್ಕಿನ ಪಟ್ಟಿ ಕೊಟ್ಟ ಮರದ ತಡೆ. ಗೋಡೆಗಳನ್ನು ಸರಿಸಲೇಬೇಕಾದಲ್ಲಿ ಕಲ್ಲುಗಳನ್ನು ಇಳಿಸಿ ಹೊಸ ಸಾಲಿನಲ್ಲಿ ಹಳೇ ಕ್ರಮದಲ್ಲೇ ಕಟ್ಟಿದರು.

ಗಾರೆಯಿಲ್ಲದೆ ಕಟ್ಟುವ ಕೆಲಸ ಬಲ್ಲವರು ಆ ಹೊತ್ತಿಗೆ ಆ ಸೀಮೆಯಲ್ಲಿ ತೀರಾ ಕಡಿಮೆಯಾಗಿದ್ದರು. ಹಾಗಾಗಿ ಕೆಲಸಗಾರರಿಗೆ ತರಬೇತಿ ಕೊಡಬೇಕಾಯಿತು. 1996ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಈ ಕುಶಲಕರ್ಮವನ್ನು ಉಳಿಸುವುದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಇವತ್ತಿಗೂ ಅದು ಕಲ್ಲುಕೆಲಸ ಕಲಿಸುತ್ತಿದೆ. ಒಂದು ರಸ್ತೆಯ ಕಾಮಗಾರಿಯಿಂದ ಸತ್ತುಹೋಗುತ್ತಿದ್ದ ಕಸುಬೊಂದು ಚಿಗುರಿತು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಘಾಟಿಗಳಲ್ಲಿ ಕಲ್ಲು ಕಟ್ಟಿದ ಹಳೇ ಮೋರಿಗಳನ್ನು ಒಡೆದು ಸಿಮೆಂಟಿನ ಪೈಪು ಹೂಳುವುದನ್ನು ನೋಡುವಾಗ, ಆ ಮೋರಿ ಕಟ್ಟಿದವರ ಮೊಮ್ಮಕ್ಕಳು ಈಗ ಎಲ್ಲಿ ಕೂಲಿ ಮಾಡುತ್ತಿದ್ದಾರೋ ಎಂದು ಅನಿಸುತ್ತದೆ.

ಇನ್ನೊಂದು ಜಾಣತನ ಮಾಡಿದರು. ದಾರಿ ಚೆನ್ನಾದರೆ ಅದರ ಬದಿಗೆ ಪೆಟ್ರೋಲ್ ಬಂಕು, ಲೇಔಟು, ಜಾಹೀರಾತಿನ ಫಲಕ ಎಲ್ಲ ಸಾಲುಗಟ್ಟುತ್ತವೆ. ಐದು ವರ್ಷಕ್ಕೆ ಆ ನೋಟವೇ ಇರುವುದಿಲ್ಲ. ದಾರಿ ಹಾದುಹೋಗುವ ಎರಡೂ ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು, ಕೂಡಿ ದಾರಿಯ ಬದಿಯ ಜಮೀನಿನ ಬಳಕೆಗೆ ಯೋಜನೆ ಮಾಡಿ, ನಿಗಾ ಇಡಲು ಒಂದು ಜಂಟಿ ಆಯೋಗ ಮಾಡಿಕೊಂಡವು. ಹಂಪಿ ಆನೆಗೊಂದಿಯ ಎರಡು ಜಿಲ್ಲೆಗಳನ್ನು ಇಲ್ಲಿ ನೆನೆಸಿಕೊಳ್ಳಿ. ಹೊಸ ಪ್ಯಾರಿಸ್ ಪೈಕ್ 2003ರಲ್ಲಿ ಮುಗಿಯಿತು. ಜಗಳ ಶುರುವಾಗಿ ಮೂವತ್ತಕ್ಕೂ ಹೆಚ್ಚು ವರ್ಷ. ಮೊದಲೇ ಕೇಳಿದ್ದರೆ ಇಷ್ಟು ಕಾಲ, ಇಷ್ಟು ಸಾವು ಬೇಕಿರಲಿಲ್ಲ.

ಈ ಕಥೆಯನ್ನು ಪೂರ್ತಿ ಹೊಗಳಲೂ ನನಗೆ ಮನಸ್ಸಿಲ್ಲ. ಅಲ್ಲಿ ಕೋರ್ಟಿಗೆ ಹೋಗಿ ಗೆಲ್ಲುವಷ್ಟು ಶಕ್ತಿ ಇದ್ದದ್ದು ಕುದುರೆ ಫಾರಂಗಳ ಸಿರಿವಂತರು ನೆಲೆಸಿದ್ದ ಸೀಮೆಗೆ. ಗೋಡೆ ಕಟ್ಟಿದ ಗುಲಾಮರ ಮಕ್ಕಳು ಮರಿಗಳಿಗೆ ಅಂಥ ದನಿ ಇದ್ದಿದ್ದರೆ ಇನ್ನೇನು ಕೇಳುತ್ತಿದ್ದರೋ. ಸಮುದಾಯ ಎಂಬುದು ಒಂದೇ ಮುದ್ದೆಯಲ್ಲ.

ಆ ಕೊರತೆಗೆ ಒಂದು ಮಟ್ಟಿನ ಉತ್ತರ ಅಮೆರಿಕದ್ದೇ ಮೊಂಟಾನ ರಾಜ್ಯದಲ್ಲಿ ಸಿಗುತ್ತದೆ. ಅಲ್ಲಿಯ ಫ್ಲಾಟ್‌ಹೆಡ್ ಸೀಮೆ ಸೇಲಿಶ್ ಮತ್ತು ಕೂಟನೈ ಎಂಬ ಮೂಲನಿವಾಸಿಗಳ ನೆಲ. ಅದರ ನಡುವೆ ಸುಮಾರು 90 ಕಿಲೋಮೀಟರ್ ಹಾದುಹೋಗುವ ಹೆದ್ದಾರಿಯನ್ನು ಅಗಲ ಮಾಡಲು ರಾಜ್ಯ ಹೊರಟಾಗ ಆ ಜನ ಒಪ್ಪಲಿಲ್ಲ. ಈ ನೆಲಕ್ಕೆ ರಸ್ತೆಯೇ ನೆಂಟ. ನೆಂಟನು ಮನೆಯ ರೀತಿ ನೀತಿಗೆ ಹೊಂದಿಕೊಂಡು ಇರಬೇಕು ಎಂಬ ತತ್ವವನ್ನು ಮುಂದಿಟ್ಟರು. ಅವರ ಜೊತೆಗೂ ಕೂತು ಕೆಲಸ ಮಾಡಿದ್ದು ಅದೇ ಸಿಯಾಟಲ್ ಸಂಸ್ಥೆ. 2000ದಲ್ಲಿ ಬುಡಕಟ್ಟಿನ ಸರ್ಕಾರ, ರಾಜ್ಯ, ಕೇಂದ್ರ ಮೂವರೂ ಒಪ್ಪಂದಕ್ಕೆ ಸಹಿ ಹಾಕಿದರು. ಕರಡಿ, ಜಿಂಕೆ, ಮೀನು ಎಲ್ಲಕ್ಕೂ ದಾಟುವ ದಾರಿ ಬೇಕೆಂದು ನಲವತ್ತರಷ್ಟು ಕಡೆ ರಸ್ತೆಯ ಅಡಿಯಲ್ಲಿ ಹಾದಿ ಬಿಟ್ಟರು. ಒಂದು ಕಡೆ ಪ್ರಾಣಿಗಳಿಗಾಗಿಯೇ ಮೇಲ್ಸೇತುವೆ ಕಟ್ಟಿ ಅದರ ಮೇಲೆ ಗಿಡ ಹುಲ್ಲು ಬೆಳೆಸಿದರು. ಊರು ಹೊಳೆಗಳ ಹೆಸರನ್ನು ಆ ಜನರ ನುಡಿಗಳಲ್ಲೂ ಬರೆದ ಫಲಕ ನೆಟ್ಟರು. ಅಲ್ಲಿ ಬುಡಕಟ್ಟಿನವರು ಅಹವಾಲು ಕೊಡಲು ಸಾಲಿನಲ್ಲಿ ನಿಂತಿರಲಿಲ್ಲ, ಸಹಿ ಹಾಕುವ ಅಧಿಕಾರ ಇಟ್ಟುಕೊಂಡು ಕೂತಿದ್ದರು. ಎಲ್ಲ ವ್ಯತ್ಯಾಸ ಆದದ್ದು ಅದರಿಂದ.

ನಮ್ಮಲ್ಲಿ ಆ ಅಧಿಕಾರ ಯಾರಿಗಿದೆ? ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956ರದು. ಜಮೀನು ಸ್ವಾಧೀನದ ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆ ಹಾಕಲು 21 ದಿನ. ಹಾಕಬಹುದಾದವರು ಆ ಜಮೀನಿನಲ್ಲಿ ಹಕ್ಕು ಅಥವಾ ಹಿತಾಸಕ್ತಿ ಇರುವವರು. ಪಹಣಿಯಲ್ಲಿ ಹೆಸರಿರುವವನಿಗೆ ನೋಟಿಸು ಬರುತ್ತದೆ. ಆ ದಾರಿಯ ಮರದ ನೆರಳಿನಲ್ಲಿ ಎಳನೀರು ಮಾರುವವಳಿಗೆ, ವರ್ಷಕ್ಕೆರಡು ಸಲ ಹಿಂಡು ಹೊಡೆದುಕೊಂಡು ಬರುವ ಕುರಿಗಾಹಿಗೆ, ಬಸ್ಸಿಗೆ ಕಾಯುವ ಶಾಲೆಯ ಮಕ್ಕಳಿಗೆ ಬರುವುದಿಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂದು ಸ್ಮಾರಕಗಳ ಕಾಯ್ದೆಗೆ ಬಂದ 2010ರ ತಿದ್ದುಪಡಿ ಹೇಳುತ್ತದೆ. ಸ್ಮಾರಕಕ್ಕೆ ಕರೆದೊಯ್ಯುವ ಹಳೇ ದಾರಿಗೆ ಅಂಥ ರಕ್ಷಣೆ ಇಲ್ಲ. ಹೆದ್ದಾರಿ ವಿಸ್ತರಣೆಗೆ ಪರಿಸರ ಅನುಮತಿ ಮತ್ತು ಸಾರ್ವಜನಿಕ ಅಹವಾಲು ಬೇಕಾದ ಮಿತಿಯನ್ನೂ 2013ರಲ್ಲಿ ಸಡಿಲಿಸಿ, 100 ಕಿ.ಮೀ. ತನಕದ ಎಷ್ಟೋ ವಿಸ್ತರಣೆಗಳನ್ನು ಹೊರಗಿಟ್ಟರು. ಕರ್ನಾಟಕದ ಮರ ಸಂರಕ್ಷಣಾ ಕಾಯ್ದೆಯಲ್ಲಿ ಮಾತ್ರ, ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂಬ ನಿಯಮ ಇದೆ. ಒಳ್ಳೆಯ ನಿಯಮ. ಆದರೆ ಮರದ ಪ್ರಶ್ನೆ ಬರುವ ಹೊತ್ತಿಗೆ ರಸ್ತೆಯ ಗೆರೆ ಗಟ್ಟಿಯಾಗಿರುತ್ತದೆ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಆಲದ ಮರ ನೆಟ್ಟು, ಗಂಡ ಚಿಕ್ಕಯ್ಯನವರ ಜೊತೆ ನೀರು ಹೊತ್ತು ಬೆಳೆಸಿದ ಸಾಲುಮರದ ತಿಮ್ಮಕ್ಕನವರನ್ನು ನಿಮಗೆ ಪರಿಚಯ ಮಾಡಿಕೊಡಬೇಕಿಲ್ಲ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದಲ್ಲಿ ಆ ಮರಗಳಿಗೇ ಕೊಡಲಿ ಬೀಳುವ ಹಾಗಾಯಿತು. ನೂರು ದಾಟಿದ ಆ ತಾಯಿ ಮುಖ್ಯಮಂತ್ರಿಗಳ ಮುಂದೆ ಹೋಗಿ ಮನವಿ ಮಾಡಬೇಕಾಯಿತು. ಮರ ಉಳಿಸಿ ಬೇರೆ ದಾರಿ ನೋಡುವ ಭರವಸೆ ಸಿಕ್ಕಿತು. ಸಂತೋಷ. ಆದರೆ ನನಗೆ ಇದರಲ್ಲಿ ಸಮಾಧಾನಕ್ಕಿಂತ ಗಾಬರಿ ಹೆಚ್ಚು. ದೇಶಕ್ಕೇ ಹೆಸರು ಗೊತ್ತಿರುವ ಮರಗಳು ಆ ನಕಾಶೆಯಲ್ಲಿ ಯಾರಿಗೂ ಕಾಣಲಿಲ್ಲವಲ್ಲ! ಕುದೂರು, ಹುಲಿಕಲ್ಲಿನ ಹತ್ತು ಜನರನ್ನು ಮೊದಲು ಕೇಳಿದ್ದರೆ ಒಬ್ಬನಾದರೂ ಹೇಳುತ್ತಿರಲಿಲ್ಲವೇ? ಎಲ್ಲ ಸಾಲುಮರಗಳಿಗೂ ಮುಖ್ಯಮಂತ್ರಿಯ ಬಾಗಿಲು ತಟ್ಟುವ ತಾಯಿ ಇರುವುದಿಲ್ಲ.

ಕೇಳುವುದಕ್ಕೂ ಒಂದು ರೀತಿ ಇದೆ. ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ, ಬೆಳಗ್ಗೆ ಹನ್ನೊಂದು ಗಂಟೆಗೆ, ಪ್ರೊಜೆಕ್ಟರಿನ ಮೇಲೆ ಬಣ್ಣದ ಗೆರೆಗಳನ್ನು ತೋರಿಸಿ "ಏನಾದರೂ ಹೇಳುವುದಿದೆಯೇ" ಎಂದರೆ ಯಾರು ಏನು ಹೇಳಿಯಾರು? ನಕಾಶೆ ಓದುವುದು ಎಲ್ಲರಿಗೂ ಬರುವುದಿಲ್ಲ. ಗೂಟ ಹೊಡೆದು ಹಗ್ಗ ಕಟ್ಟಿ ರಸ್ತೆ ಎಲ್ಲಿಯ ತನಕ ಬರುತ್ತದೆ ಎಂದು ನೆಲದ ಮೇಲೆ ತೋರಿಸಿದರೆ ಎಲ್ಲರಿಗೂ ತಿಳಿಯುತ್ತದೆ. ಎಂಜಿನಿಯರು ಊರಿನವರ ಜೊತೆ ಆ ದಾರಿಯನ್ನು ನಡೆಯಬೇಕು. ಶಾಲೆ ಬಿಡುವ ಹೊತ್ತಿಗೆ ಒಮ್ಮೆ, ಸಂತೆಯ ದಿನ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಜಾತ್ರೆಯ ತೇರು ಈ ದಾರಿಯಲ್ಲಿ ಬರುತ್ತದೆಯೇ, ಬಂದರೆ ಕರೆಂಟಿನ ತಂತಿ ಎಷ್ಟು ಎತ್ತರ ಇರಬೇಕು, ದೊಡ್ಡ ಮಳೆ ಬಂದಾಗ ನೀರು ಯಾವ ಕಡೆಯಿಂದ ನುಗ್ಗಿತ್ತು, ಅಪಘಾತ ಹೆಚ್ಚಾಗುವುದು ಯಾವ ತಿರುವಿನಲ್ಲಿ, ಬಸ್ಸು ಇಳಿದ ಹೆಂಗಸರು ಯಾವ ಕಡೆಯಿಂದ ದಾಟುತ್ತಾರೆ, ಅಂಗಡಿಯ ಹಿಂದಿನ ಹಳೇ ಬಾವಿ ಯಾರದು. ಇವೆಲ್ಲ ಉಪಗ್ರಹದ ಚಿತ್ರದಲ್ಲಿ ಸಿಗುವುದಿಲ್ಲ. ಬಸ್ ಡ್ರೈವರನಿಗೆ ಗೊತ್ತಿರುತ್ತದೆ, ಅಂಗನವಾಡಿ ಟೀಚರಿಗೆ ಗೊತ್ತಿರುತ್ತದೆ. ಕೇಳಿದ್ದನ್ನು ಬರೆದುಕೊಂಡು ಮತ್ತೆ ಬರಬೇಕು. ಯಾವ ಮಾತು ಒಪ್ಪಿದೆವು, ಯಾವುದನ್ನು ಬಿಟ್ಟೆವು, ಯಾಕೆ ಬಿಟ್ಟೆವು ಎಂದು ಅದೇ ಜನರ ಮುಂದೆ ಹೇಳಬೇಕು. ಈ ಕೊನೆಯದು ನಡೆಯುವುದನ್ನು ನಾನಂತೂ ಕಂಡಿಲ್ಲ.

ಜನ ಹೇಳಿದ್ದೆಲ್ಲ ವೇದವಾಕ್ಯ ಎಂದೂ ಅಲ್ಲ. ಮರ ಕಡಿಸಿ ಅಂಗಡಿಯ ಬೋರ್ಡು ಕಾಣುವ ಹಾಗೆ ಮಾಡಿ ಎಂದು ಕೇಳುವವರು ನಮ್ಮವರೇ. ಗೆರೆ ತನ್ನ ತೋಟ ಬಿಟ್ಟು ಪಕ್ಕದ ಬಡವನ ಹೊಲದ ಮೇಲೆ ಹೋಗಲಿ ಎಂದು ಒಳಗಿಂದೊಳಗೆ ಓಡಾಡುವವರೂ ನಮ್ಮವರೇ. ಇಂಥ ಕೆಲಸ ಗುಟ್ಟಿನಲ್ಲಿ ಸುಲಭ, ಹತ್ತು ಜನ ಕೂತ ಕಟ್ಟೆಯ ಮೇಲೆ ಕಷ್ಟ. ಬಹಿರಂಗವಾಗಿ ಕೇಳಿ ಎನ್ನುವುದು ಇದಕ್ಕೂ ಸೇರಿಸಿಯೇ. ಇತ್ತ ಪರಂಪರೆಯ ಹೆಸರಿನಲ್ಲಿ ಜನರನ್ನೇ ಕಸದಂತೆ ಗುಡಿಸುವುದೂ ನಡೆಯುತ್ತದೆ. ವಿರೂಪಾಕ್ಷನ ಮುಂದಿನ ಹಂಪಿ ಬಜಾರಿನಲ್ಲಿ, ಆ ಹಳೇ ರಥಬೀದಿಯ ಕಲ್ಲು ಮಂಟಪಗಳಲ್ಲಿ, ಮನೆ ಅಂಗಡಿ ಮಾಡಿಕೊಂಡಿದ್ದವರನ್ನು 2011ರ ಜುಲೈಯಲ್ಲಿ ತೆರವು ಮಾಡಿದರು. ಮಂಟಪಗಳಿಗೆ ಧಕ್ಕೆ ಆಗಿದ್ದದ್ದು ನಿಜ, ತೆರವಿಗೆ ನ್ಯಾಯಾಲಯದ ಬೆಂಬಲ ಇದ್ದದ್ದೂ ನಿಜ. ಬೀದಿ ಎಂದರೆ ಎರಡು ಸಾಲು ಕಂಬ ಮಾತ್ರವೋ, ಅಲ್ಲಿ ವ್ಯಾಪಾರ ಮಾಡುವವರೂ ಸೇರಿಯೋ ಎಂಬ ಪ್ರಶ್ನೆಗೆ ಉತ್ತರವನ್ನು ಜೆಸಿಬಿ ಯಂತ್ರ ಕೊಟ್ಟಿತು. ಅದು ಆ ಬೀದಿಯವರ ಜೊತೆ ಕೂತು ತೀರ್ಮಾನ ಮಾಡಬೇಕಾದ ಪ್ರಶ್ನೆಯಾಗಿತ್ತು.

ಕೇಳುಗರೇ, ನಿಮ್ಮ ಊರಿನ ಹಳೇ ದಾರಿಗೆ ಅಗಲೀಕರಣ ಬಂದಿದೆಯಂತೆ ಎಂಬ ಮಾತು ಕಿವಿಗೆ ಬಿದ್ದರೆ, ಗಾಳಿಮಾತು ಅಂತ ಬಿಟ್ಟು ಕೂರಬೇಡಿ. ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ವಿಸ್ತೃತ ಯೋಜನಾ ವರದಿಯ ಪ್ರತಿ ಕೇಳಿ, ನಕಾಶೆ ಕೇಳಿ, ವಿನ್ಯಾಸ ವೇಗ ಎಷ್ಟೆಂದು ಕೇಳಿ, ಬೇರೆ ಯಾವ ಮಾರ್ಗಗಳನ್ನು ಪರಿಶೀಲಿಸಿದರು ಎಂದೂ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಂದದ್ದನ್ನು ಗ್ರಾಮಸಭೆಯಲ್ಲಿ ಓದಿಸಿ, ಠರಾವು ಬರೆಸಿ, ಪ್ರತಿ ಇಟ್ಟುಕೊಳ್ಳಿ. ಇದನ್ನೆಲ್ಲ ಟೆಂಡರು ಕರೆಯುವ ಮೊದಲೇ ಮಾಡಿ.